ಮದ್ದಿನ ಕಪಾಟು: ಜಪಾನಿನ ಕೋಳಿ, ಇಲಿ, ಮೊಲ ಮತ್ತು ನಮ್ಮ ಮನೆಯ ಹೆಂಗಸರು



ಪ್ರತಿ ವರ್ಷ ಈ ಅಂಕಣದಲ್ಲಿ ಆಸ್ಪತ್ರೆಯ ಫಾರ್ಮಸಿ ಕೌಂಟರಿನ ಹಿಂದೆ ನಿಂತು ಕಂಡದ್ದನ್ನು ಬರೆಯುತ್ತಾ ಬಂದಿದ್ದೇನೆ. ಈ ಸಲ ನನ್ನದೇ ಮನೆಯ ವಿಷಯದಿಂದ ಶುರು ಮಾಡುತ್ತೇನೆ. ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಕೊನೆಗೆ ಅಕ್ಕನನ್ನೇ ಕೇಳಿದೆ. "ಬರಿ ಮಾರಾಯ, ಇನ್ನೊಬ್ಬಳಿಗಾದರೂ ಉಪಯೋಗ ಆಗಲಿ" ಅಂದಳು. ಹಾಗಾಗಿ ಬರೆಯುತ್ತಿದ್ದೇನೆ.

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಕ್ಕನ ಮನೆಗೆ ಹೋದೆ. ಅಕ್ಕನಿಗೀಗ ನಲವತ್ತೆಂಟು. ಬಿಪಿ ಇದೆ, ಶುಗರ್ ಇದೆ, ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾಳಾ ನೋಡೋಣ ಎಂದು ಫೈಲು ತರಿಸಿದೆ. ಅಡಿಯಲ್ಲಿ ಹನ್ನೆರಡು ವರ್ಷ ಹಳೆಯ ಒಂದು ಡಿಸ್ಚಾರ್ಜ್ ಕಾರ್ಡ್ ಇತ್ತು. ಅಕ್ಕನಿಗೆ ಮೂವತ್ತಾರು ಇದ್ದಾಗ ಗರ್ಭಕೋಶ ತೆಗೆಸಿದ್ದರು. ಅದು ನನಗೆ ಗೊತ್ತಿತ್ತು, ಏಕೆಂದರೆ ಹಣ ಕಳಿಸಿದವನು ನಾನೇ. ಗೊತ್ತಿಲ್ಲದೆ ಇದ್ದದ್ದು ಕಾರ್ಡಿನ ಮೂರನೇ ಸಾಲಿನಲ್ಲಿ ಇತ್ತು: "ಟಿಎಎಚ್ ವಿತ್ ಬಿಎಸ್‌ಓ".

ಟಿಎಎಚ್ ಅಂದರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುವುದು. ಬಿಎಸ್‌ಓ ಅಂದರೆ ಎರಡೂ ಕಡೆಯ ಅಂಡಾಶಯ ಮತ್ತು ನಾಳಗಳನ್ನೂ ತೆಗೆಯುವುದು. "ಅಕ್ಕ, ಅಂಡಾಶಯವನ್ನೂ ತೆಗೆದಿದ್ದಾರಲ್ಲ, ನಿನಗೆ ಹೇಳಿದ್ದರಾ?" ಎಂದೆ. "ಚೀಲ ತೆಗೀತೇವೆ ಅಂದಿದ್ದರು. ಮತ್ತೇನು ತೆಗೆದರೋ ನನಗೇನು ಗೊತ್ತು?" ಅಂದಳು. ಭಾವನಿಗೂ ಗೊತ್ತಿರಲಿಲ್ಲ. ಕಾಗದಕ್ಕೆ ಸಹಿ ಹಾಕಿದ್ದು ಅವರೇ.

ಆ ಆಪರೇಷನ್ ಬೇಕಿತ್ತೋ ಬೇಡವಾಗಿತ್ತೋ ಎಂದು ತೀರ್ಪು ಕೊಡಲು ನಾನು ಡಾಕ್ಟರಲ್ಲ, ಡಿಪ್ಲೊಮಾ ಓದಿದ ಫಾರ್ಮಸಿಸ್ಟ್. ಅಕ್ಕನ ಹೃದಯದ ತೊಂದರೆಗೆ ಅದೇ ಕಾರಣ ಎಂದೂ ಹೇಳಲಾರೆ. ನಮ್ಮ ಅಪ್ಪನಿಗೂ ಬಿಪಿ, ಶುಗರ್ ಎರಡೂ ಇದ್ದವು. ಆದರೆ ಅಂದು ಫೋನಿನಲ್ಲಿ "ಎಷ್ಟು ಹಣ ಬೇಕು?" ಎಂದು ಕೇಳಿದವನು "ಏನೇನು ತೆಗೆಯುತ್ತಾರೆ?" ಎಂದು ಕೇಳಲಿಲ್ಲವಲ್ಲ, ಅದು ನನ್ನನ್ನು ಕಾಡುತ್ತದೆ. ರಜೆ ಮುಗಿಸಿ ಬಂದ ಮೇಲೆ ಅಂಡಾಶಯ ಹೋದರೆ ಹೃದಯಕ್ಕೆ ಏನಾಗುತ್ತದೆ ಎಂದು ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದೆ. ಓದು ನನ್ನನ್ನು ನೇರ ಜಪಾನಿಗೆ ಕರೆದುಕೊಂಡು ಹೋಯಿತು.

ಕೋಳಿಯ ಕಥೆ

ಕೊಲೆಸ್ಟರಾಲ್ ಮಾತ್ರೆ ನಮ್ಮಲ್ಲಿ ಅನೇಕರಿಗೆ ಗೊತ್ತು. ರಾತ್ರಿ ಊಟ ಮುಗಿಸಿ ನುಂಗುವ ರೋಸುವಾಸ್ಟಾಟಿನ್ ಹುಟ್ಟಿದ್ದು ಜಪಾನಿನ ಶಿಯೊನೊಗಿ ಕಂಪನಿಯಲ್ಲಿ. ಆ ಇಡೀ ಸ್ಟಾಟಿನ್ ಕುಟುಂಬದ ಮೂಲಪುರುಷ ಅಕಿರಾ ಎಂಡೊ. 1933ರಲ್ಲಿ ಅಕಿತಾ ಪ್ರಾಂತ್ಯದ ರೈತ ಕುಟುಂಬದಲ್ಲಿ ಹುಟ್ಟಿದವರು, 2024ರ ಜೂನ್‌ನಲ್ಲಿ ತೀರಿಕೊಂಡರು. ಟೋಕಿಯೊದ ಸಾಂಕ್ಯೊ ಕಂಪನಿಯಲ್ಲಿದ್ದಾಗ 1971ರಿಂದ ಎರಡು ವರ್ಷ ಸಾವಿರಾರು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, 1973ರಲ್ಲಿ ಒಂದು ನೀಲಿ ಹಸಿರು ಬೂಷ್ಟಿನಿಂದ ಕೊಲೆಸ್ಟರಾಲ್ ತಯಾರಿಯನ್ನು ತಡೆಯುವ ವಸ್ತುವನ್ನು ಕಂಡುಹಿಡಿದರು. ಅದಕ್ಕೆ ಕಾಂಪ್ಯಾಕ್ಟಿನ್ ಎಂದು ಹೆಸರಾಯಿತು.

ಇಲಿಗಳಿಗೆ ತಿನ್ನಿಸಿದರು. ಕೊಲೆಸ್ಟರಾಲ್ ಇಳಿಯಲೇ ಇಲ್ಲ. ಕಂಪನಿಯವರಿಗೆ ಉತ್ಸಾಹ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಡತ ಮುಚ್ಚುತ್ತಿದ್ದರು. 1976ರ ಆರಂಭದಲ್ಲಿ ಒಂದು ಸಂಜೆ ಎಂಡೊ ಅವರಿಗೆ ಲ್ಯಾಬಿನ ಹತ್ತಿರದ ಬಾರಿನಲ್ಲಿ ಕಿಟಾನೊ ಎಂಬ ಸಹೋದ್ಯೋಗಿ ಸಿಕ್ಕಿದರು. ಕಿಟಾನೊ ಬೇರೆ ಪ್ರಯೋಗಕ್ಕೆ ಮೊಟ್ಟೆ ಇಡುವ ಕೋಳಿಗಳನ್ನು ಸಾಕಿದ್ದರು. ಎಂಡೊ ಯೋಚಿಸಿದರು: ಮೊಟ್ಟೆಯ ತುಂಬ ಕೊಲೆಸ್ಟರಾಲ್ ಇರುತ್ತದೆ, ಹಾಗಾದರೆ ಕೋಳಿಯ ದೇಹ ಅದನ್ನು ಜೋರಾಗಿ ತಯಾರಿಸುತ್ತಿರಬೇಕು, ಅಲ್ಲಿ ನಮ್ಮ ಮದ್ದು ಕೆಲಸ ಮಾಡಬಹುದು. ಆ ಕೋಳಿಗಳಿಗೆ ಮದ್ದು ಬೆರೆಸಿದ ಆಹಾರ ಕೊಟ್ಟರು. ಕೆಲವೇ ವಾರಗಳಲ್ಲಿ ರಕ್ತದ ಕೊಲೆಸ್ಟರಾಲ್ ಹತ್ತಿರ ಹತ್ತಿರ ಅರ್ಧದಷ್ಟು ಇಳಿಯಿತು. ಆಮೇಲೆ ನಾಯಿಯಲ್ಲಿ, ಮಂಗದಲ್ಲಿಯೂ ಇಳಿಯಿತು. 1978ರಲ್ಲಿ ಒಸಾಕಾದ ಡಾಕ್ಟರ್ ಅಕಿರಾ ಯಮಾಮೊಟೊ, ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತ ಇದ್ದ ಹದಿನೆಂಟರ ಹುಡುಗಿಗೆ ಅದನ್ನು ಕೊಟ್ಟರು. ಇಂದು ಲೋಕದಲ್ಲಿ ಕೋಟಿಗಟ್ಟಲೆ ಜನ ನುಂಗುವ ಮಾತ್ರೆಗೆ ದಾರಿ ತೋರಿದ್ದು ಆ ಕೋಳಿಗಳು.

ಇದಕ್ಕೂ ಅಕ್ಕನ ಅಂಡಾಶಯಕ್ಕೂ ಏನು ಸಂಬಂಧ ಅನ್ನುತ್ತೀರಾ? ಇದೆ. ಮೊಟ್ಟೆ ಇಡುವ ಕಾಲ ಬಂದಾಗ ಕೋಳಿಯ ಅಂಡಾಶಯದಿಂದ ಈಸ್ಟ್ರೋಜೆನ್ ಎಂಬ ಹಾರ್ಮೋನ್ ಬರುತ್ತದೆ. ಅದು ಲಿವರಿಗೆ ಹೋಗಿ "ಹಳದಿಗೆ ಬೇಕಾದ ಕೊಬ್ಬು ತಯಾರು ಮಾಡು" ಎಂದು ಹೇಳುತ್ತದೆ. ಹುಂಜಕ್ಕೆ ಈಸ್ಟ್ರೋಜೆನ್ ಚುಚ್ಚಿದರೂ ಅದರ ರಕ್ತದಲ್ಲಿ ಕೊಬ್ಬು ಏರುತ್ತದೆ. ಅಂದರೆ ಕೋಳಿಯಲ್ಲಿ ಈಸ್ಟ್ರೋಜೆನ್ ಕೊಬ್ಬು ಏರಿಸುತ್ತದೆ. ಹೆಂಗಸರಲ್ಲಿ ಅದೇ ಹಾರ್ಮೋನ್ ಕೆಟ್ಟ ಕೊಲೆಸ್ಟರಾಲನ್ನು ಇಳಿಸಿಡುತ್ತದೆ. ಪ್ರಾಣಿ ಪ್ರಯೋಗದ ಮೊದಲ ಪಾಠ ಇದು. "ಪ್ರಾಣಿಯ ಮೇಲೆ ಪರೀಕ್ಷಿಸಿ ಸಾಬೀತಾಗಿದೆ" ಎಂದು ಯಾರಾದರೂ ನಿಮಗೆ ಏನನ್ನಾದರೂ ಮಾರಲು ಬಂದರೆ, "ಯಾವ ಪ್ರಾಣಿ?" ಎಂದು ಮೊದಲು ಕೇಳಿ. ಇಲಿಯನ್ನು ನಂಬಿದ್ದರೆ ಸ್ಟಾಟಿನ್ ಅಂದೇ ಕಸದ ಬುಟ್ಟಿಗೆ ಹೋಗುತ್ತಿತ್ತು.

ಮೊಲದ ಕಥೆ

1973ರಲ್ಲೇ ಕೋಬೆ ವಿಶ್ವವಿದ್ಯಾಲಯದ ಯೊಶಿಯೊ ವತಾನಬೆ ಅವರಿಗೆ ಒಂದು ವಿಚಿತ್ರ ಗಂಡು ಮೊಲ ಸಿಕ್ಕಿತು. ಸೊಪ್ಪು ತಿನ್ನುವ ಪ್ರಾಣಿ, ಆದರೂ ರಕ್ತದಲ್ಲಿ ವಿಪರೀತ ಕೊಲೆಸ್ಟರಾಲ್. ಆ ಒಂದು ಮೊಲದಿಂದ ವರ್ಷಗಟ್ಟಲೆ ತಳಿ ಬೆಳೆಸಿದರು. ವತಾನಬೆ ಮೊಲ ಎಂದೇ ಅದು ಪ್ರಸಿದ್ಧಿಯಾಯಿತು. ಈ ಮೊಲಗಳ ರಕ್ತನಾಳಗಳಲ್ಲಿ ತಾನಾಗಿಯೇ ಕೊಬ್ಬು ಕಟ್ಟುತ್ತದೆ.

ಕಾರಣ ಏನೆಂದರೆ, ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲನ್ನು, ಅಂದರೆ ಎಲ್‌ಡಿಎಲ್ ಅನ್ನು, ಲಿವರ್ ಒಳಗೆ ಎಳೆದುಕೊಳ್ಳಲು ಅದರ ಜೀವಕೋಶಗಳ ಮೇಲೆ ಸಣ್ಣ ಬಾಗಿಲುಗಳಿವೆ. ವತಾನಬೆ ಮೊಲದಲ್ಲಿ ಆ ಬಾಗಿಲೇ ಕೆಟ್ಟಿದೆ. ಎಲ್‌ಡಿಎಲ್ ಹೊರಗೇ ಸುತ್ತುತ್ತದೆ, ರಕ್ತನಾಳದ ಗೋಡೆಗೆ ಹತ್ತುತ್ತದೆ. ಆ ಬಾಗಿಲನ್ನು ಪತ್ತೆ ಮಾಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಈ ಮೊಲಗಳ ಮೇಲೂ ಕೆಲಸ ಮಾಡಿದರು. 1985ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ಈಸ್ಟ್ರೋಜೆನ್ ವಿಷಯ. ಇದೇ ಗುಂಪಿನವರು 1979ರಲ್ಲಿ ಇಲಿಗಳಿಗೆ ಈಸ್ಟ್ರೋಜೆನ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಲಿವರಿನ ಮೇಲೆ ಆ ಬಾಗಿಲುಗಳ ಸಂಖ್ಯೆ ಹೆಚ್ಚಾಯಿತು. ಹೆಂಗಸರಲ್ಲಿ ಮುಟ್ಟು ಇರುವಷ್ಟು ಕಾಲ ಬಾಗಿಲು ಚೆನ್ನಾಗಿ ತೆರೆದಿರುತ್ತದೆ. ಮುಟ್ಟು ನಿಂತ ಮೇಲೆ ಎಲ್‌ಡಿಎಲ್ ಸಾಮಾನ್ಯವಾಗಿ ನೂರಕ್ಕೆ 10ರಿಂದ 15ರಷ್ಟು ಏರುತ್ತದೆ. "ನಾನು ಮೊದಲಿನ ಹಾಗೇ ಉಣ್ಣುತ್ತಿದ್ದೇನೆ, ಕೊಲೆಸ್ಟರಾಲ್ ಯಾಕೆ ಏರಿತು?" ಎಂದು ಐವತ್ತು ದಾಟಿದ ಹೆಂಗಸರು ಕೌಂಟರಿನಲ್ಲಿ ಕೇಳುತ್ತಾರೆ. ಊಟ ಬದಲಾಗಿಲ್ಲ, ಬಾಗಿಲು ಬದಲಾಗಿದೆ.

ಇಲಿಯ ಕಥೆ

ಜಪಾನ್ ಅಂದರೆ ಎಲ್ಲರೂ ನೂರು ವರ್ಷ ಬದುಕುವ ದೇಶ ಎಂದು ನಾವು ತಿಳಿದಿದ್ದೇವೆ. ಆದರೆ 1951ರಿಂದ 1980ರವರೆಗೆ ಜಪಾನಿನಲ್ಲಿ ಸಾವಿಗೆ ಮೊದಲ ಕಾರಣ ಮೆದುಳಿನ ಪಾರ್ಶ್ವವಾಯು. ಎಂಡೊ ಅವರ ಊರು ಅಕಿತಾ ಅದಕ್ಕೆ ಕುಪ್ರಸಿದ್ಧ. ಚಳಿಯ ನಾಡು, ಉಪ್ಪು ಹಾಕಿದ ತರಕಾರಿ, ಉಪ್ಪು ಮೀನು, ಉಪ್ಪಿನ ಸೋಯಾ ಸಾರು. ಉಪ್ಪು ಕಡಿಮೆ ಮಾಡಿ, ಬಿಪಿ ಅಳೆದು, ಮಾತ್ರೆ ಕೊಟ್ಟು ದಶಕಗಳಲ್ಲಿ ಅದನ್ನು ಇಳಿಸಿದರು.

ಅದೇ ಕಾಲದಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಕೊಜೊ ಒಕಾಮೊಟೊ ಮತ್ತು ಕ್ಯುಜೊ ಆಓಕಿ ಎಂಬವರು ಬಿಪಿ ಜಾಸ್ತಿ ಇದ್ದ ಇಲಿಗಳನ್ನು ಆರಿಸಿ ಆರಿಸಿ ಕೂಡಿಸಿ, ಹುಟ್ಟಿದವಕ್ಕೆಲ್ಲ ತಾನಾಗಿ ಬಿಪಿ ಬರುವ ತಳಿಯೊಂದನ್ನು ಮಾಡಿ 1963ರಲ್ಲಿ ಪ್ರಕಟಿಸಿದರು. 1974ರಲ್ಲಿ ಅದರಿಂದಲೇ ಪಾರ್ಶ್ವವಾಯು ಬರುವ ಇನ್ನೊಂದು ತಳಿ ಬಂತು. ನಾವಿಂದು ಕೌಂಟರಿನಲ್ಲಿ ಕೊಡುವ ಎಷ್ಟೋ ಬಿಪಿ ಮಾತ್ರೆಗಳನ್ನು ಈ ಇಲಿಗಳ ಮೇಲೆ ನೋಡಿಯೇ ಮುಂದೆ ತಂದದ್ದು.

ಈ ತಳಿಯಲ್ಲಿ ಗಂಡಿಗೆ ಬಿಪಿ ಬೇಗ ಏರುತ್ತದೆ, ಹೆಣ್ಣಿಗೆ ತಡವಾಗಿ ಮತ್ತು ಕಡಿಮೆ. ಗಂಡಿನ ಬೀಜ ತೆಗೆದರೆ ಅದರ ಏರಿಕೆಯೂ ತಗ್ಗುತ್ತದೆ. ಹಾಗಾಗಿ ಹೆಣ್ಣನ್ನು ಕಾಪಾಡುವುದು ಈಸ್ಟ್ರೋಜೆನ್ ಒಂದೇ ಅಲ್ಲ, ಗಂಡು ಹಾರ್ಮೋನ್ ಕಡಿಮೆ ಇರುವುದೂ ಹೌದು ಎಂದು ಗೊತ್ತಾಯಿತು. ಉಪ್ಪಿಗೆ ಸೂಕ್ಷ್ಮವಾಗಿರುವ ಇನ್ನೊಂದು ತಳಿಯ ಹೆಣ್ಣಿಲಿಯ ಅಂಡಾಶಯ ತೆಗೆದರೆ ಬಿಪಿ ಇನ್ನೂ ಏರುತ್ತದೆ.

ಅಂಡಾಶಯ ತೆಗೆಯುವ ಪ್ರಯೋಗ ಹೇಗೆ ಮಾಡುತ್ತಾರೆಂದು ಹೇಳುತ್ತೇನೆ, ಏಕೆಂದರೆ ಮುಖ್ಯ ಮಾತು ಇಲ್ಲಿದೆ. ಹೆಣ್ಣಿಲಿಗಳನ್ನು ಮೂರು ಗುಂಪು ಮಾಡುತ್ತಾರೆ. ಮೊದಲನೆಯದಕ್ಕೆ ಕೊಯ್ದು ಎರಡೂ ಅಂಡಾಶಯ ತೆಗೆದು ಹೊಲಿಯುತ್ತಾರೆ. ಎರಡನೆಯದಕ್ಕೆ ಕೊಯ್ದು, ಏನೂ ತೆಗೆಯದೆ ಹೊಲಿಯುತ್ತಾರೆ. ಬದಲಾವಣೆ ಆದರೆ ಅದು ಕೊಯ್ದದ್ದರಿಂದ ಅಲ್ಲ ಎಂದು ಖಾತ್ರಿಯಾಗಲು ಇದು ಬೇಕು. ಮೂರನೆಯದಕ್ಕೆ ಅಂಡಾಶಯ ತೆಗೆದು, ಹೊರಗಿನಿಂದ ಈಸ್ಟ್ರೋಜೆನ್ ಕೊಡುತ್ತಾರೆ. ಕೆಲವು ವಾರಗಳ ನಂತರ ನೋಡಿದರೆ ಮೊದಲ ಗುಂಪಿನ ಇಲಿಗಳು ಹೆಚ್ಚು ತಿಂದು ದಪ್ಪವಾಗಿರುತ್ತವೆ, ಓಡಾಟ ಕಡಿಮೆಯಾಗಿರುತ್ತದೆ, ಹೊಟ್ಟೆಯ ಒಳಗೆ ಕೊಬ್ಬು ಸೇರಿರುತ್ತದೆ, ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ, ರಕ್ತನಾಳಗಳು ಮೊದಲಿನಷ್ಟು ಸಡಿಲವಾಗುವುದಿಲ್ಲ. ಈಸ್ಟ್ರೋಜೆನ್ ಕೊಟ್ಟ ಗುಂಪಿನಲ್ಲಿ ಇವು ಬಹುಮಟ್ಟಿಗೆ ಸರಿಯಾಗಿರುತ್ತವೆ. ಜಪಾನ್ ಸೇರಿ ಲೋಕದ ಎಷ್ಟೋ ಲ್ಯಾಬುಗಳಲ್ಲಿ ಇದನ್ನು ಮತ್ತೆ ಮತ್ತೆ ಮಾಡಿ ನೋಡಿದ್ದಾರೆ.

ಪುಸ್ತಕಗಳಲ್ಲಿ ಇದನ್ನು "ಋತುಬಂಧದ ಮಾದರಿ" ಎಂದು ಬರೆಯುತ್ತಾರೆ. ಓದುತ್ತಾ ನನಗೆ ಅನಿಸಿತು: ಇದು ಅಮ್ಮನ ಕಥೆಯಲ್ಲ. ಅಮ್ಮನಿಗೆ ಮುಟ್ಟು ನಿಲ್ಲಲು ಮೂರ್ನಾಲ್ಕು ವರ್ಷ ಹಿಡಿಯಿತು. ಒಂದು ತಿಂಗಳು ಬಂತು, ಎರಡು ತಿಂಗಳು ಬರಲಿಲ್ಲ, ಹೀಗೆ ದೇಹ ನಿಧಾನವಾಗಿ ಒಗ್ಗಿಕೊಂಡಿತು. ನಿಂತ ಮೇಲೂ ಅಂಡಾಶಯ ಸ್ವಲ್ಪ ಹಾರ್ಮೋನ್ ಮಾಡುತ್ತಲೇ ಇರುತ್ತದೆ. ಆದರೆ ಈ ಇಲಿಗೆ ಹರೆಯದಲ್ಲಿ, ಒಂದೇ ದಿನದಲ್ಲಿ, ಎಲ್ಲವೂ ನಿಂತುಹೋಯಿತು. ಅದು ಮೂವತ್ತಾರರ ನನ್ನ ಅಕ್ಕನ ಕಥೆ.

ವಿಜ್ಞಾನಿಗಳಿಗೂ ಈ ವ್ಯತ್ಯಾಸ ಗೊತ್ತು. ಹಾಗಾಗಿ ಈಗ ಅಂಡಾಶಯ ನಿಧಾನವಾಗಿ ಬರಿದಾಗುವಂತೆ ರಾಸಾಯನಿಕ ಕೊಟ್ಟು ಮಾಡುವ ಪ್ರಯೋಗಗಳೂ ಇವೆ. ಮನುಷ್ಯರಲ್ಲಿ ನೋಡಿದರೆ, ಅಮೆರಿಕದ ನರ್ಸ್‌ಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ 1987ರಲ್ಲೇ ಬಂದ ವರದಿ ಹೀಗಿದೆ: ಎರಡೂ ಅಂಡಾಶಯ ತೆಗೆಸಿ ಹಾರ್ಮೋನ್ ತೆಗೆದುಕೊಳ್ಳದೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಸುಮಾರು ಎರಡು ಪಟ್ಟು.

ಗಂಡಸರಿಗೂ ಒಂದು ಮಾತು

"ಇದೆಲ್ಲ ಹೆಂಗಸರ ವಿಷಯ" ಎಂದು ಪುಟ ತಿರುಗಿಸಬೇಡಿ. ಗಂಡಸರ ದೇಹದಲ್ಲಿಯೂ ಈಸ್ಟ್ರೋಜೆನ್ ಇದೆ. ಅರೋಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನಿನ ಸ್ವಲ್ಪ ಭಾಗವನ್ನು ಈಸ್ಟ್ರೋಜೆನ್ ಮಾಡುತ್ತದೆ. ಜಪಾನಿನ ಕೋಚಿ ವೈದ್ಯಕೀಯ ಕಾಲೇಜಿನವರು (ನಮ್ಮ ಪಕ್ಕದ ಕೇರಳದ ಕೊಚ್ಚಿ ಅಲ್ಲ, ಶಿಕೊಕು ದ್ವೀಪದ ಕೋಚಿ) ಆ ಕಿಣ್ವವೇ ಇಲ್ಲದ ಸಣ್ಣ ಇಲಿಗಳ ಬಗ್ಗೆ 2000ದಲ್ಲಿ ಬರೆದರು. ಆ ಗಂಡಿಲಿಗಳ ಲಿವರಿನಲ್ಲಿ ತಾನಾಗಿ ಕೊಬ್ಬು ತುಂಬಿತ್ತು. ಈಸ್ಟ್ರೋಜೆನ್ ಕೊಟ್ಟಾಗ ಸರಿಯಾಯಿತು. ನಮ್ಮ ಜಿಮ್‌ಗಳಲ್ಲಿ ಕೆಲವು ಹುಡುಗರು ಮೈ ಕಟ್ಟಲು ಇಂಜೆಕ್ಷನ್ ಹಾಕಿಸಿಕೊಂಡು, ಜೊತೆಗೆ ಸ್ತನ ಕ್ಯಾನ್ಸರಿಗೆ ಕೊಡುವ ಅರೋಮಟೇಸ್ ತಡೆಯುವ ಮಾತ್ರೆಯನ್ನೂ ಯಾರದೋ ಮಾತು ಕೇಳಿ ನುಂಗುತ್ತಾರೆ. ತಮ್ಮಂದಿರೇ, ದೇಹ ಸುಮ್ಮನೆ ಆ ಹಾರ್ಮೋನ್ ಇಟ್ಟುಕೊಂಡಿಲ್ಲ. ದಯವಿಟ್ಟು ಬಿಡಿ.

ಹಾಗಾದರೆ ಈಸ್ಟ್ರೋಜೆನ್ ಮಾತ್ರೆ ನುಂಗಿದರೆ ಆಯಿತಲ್ಲ?

ಇಲಿಯ ಪ್ರಯೋಗ ನೋಡಿದರೆ ಹಾಗೇ ಅನಿಸುತ್ತದೆ. ಲೋಕವೂ ಬಹಳ ಕಾಲ ಹಾಗೇ ನಂಬಿತ್ತು. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮಾತ್ರೆಯನ್ನು ಅಮೆರಿಕದಲ್ಲಿ 1942ರಿಂದ ಮಾರುತ್ತಿದ್ದಾರೆ. ಆದರೆ 2002ರಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಅಮೆರಿಕದ ದೊಡ್ಡ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಈಸ್ಟ್ರೋಜೆನ್ ಜೊತೆ ಇನ್ನೊಂದು ಹಾರ್ಮೋನ್ ಸೇರಿಸಿ ಕೊಟ್ಟವರಲ್ಲಿ, ವರ್ಷಕ್ಕೆ ಪ್ರತಿ 10,000 ಹೆಂಗಸರಿಗೆ 7 ಹೃದ್ರೋಗ, 8 ಪಾರ್ಶ್ವವಾಯು, 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಯಿತು.

ಇಲಿ ಸುಳ್ಳು ಹೇಳಿತೇ? ಇಲ್ಲ. ಇಲಿಗೆ ಅಂಡಾಶಯ ತೆಗೆದ ಕೂಡಲೇ ಹಾರ್ಮೋನ್ ಕೊಟ್ಟಿದ್ದರು. ಆ ಪರೀಕ್ಷೆಯ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ವರ್ಷಗಳಾಗಿ, ರಕ್ತನಾಳದಲ್ಲಿ ಆಗಲೇ ಕೊಬ್ಬು ಕಟ್ಟಿದವರೂ ಇದ್ದರು. ಅಮೆರಿಕದ ಥಾಮಸ್ ಕ್ಲಾರ್ಕ್‌ಸನ್ ಅವರ ಗುಂಪು ಮಂಗಗಳಲ್ಲಿ ಇದನ್ನು ಮೊದಲೇ ತೋರಿಸಿತ್ತು. ಅಂಡಾಶಯ ತೆಗೆದ ತಕ್ಷಣ ಹಾರ್ಮೋನ್ ಕೊಟ್ಟರೆ ರಕ್ತನಾಳದ ಕೊಬ್ಬು ಸುಮಾರು ನೂರಕ್ಕೆ 70ರಷ್ಟು ಕಡಿಮೆ. ಎರಡು ವರ್ಷ ತಡಮಾಡಿ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಮಂಗದ ಎರಡು ವರ್ಷ ಎಂದರೆ ನಮ್ಮ ಆರು ವರ್ಷ. 2016ರಲ್ಲಿ 643 ಹೆಂಗಸರ ಮೇಲೆ ಮಾಡಿದ ಪರೀಕ್ಷೆಯಲ್ಲಿಯೂ, ಮುಟ್ಟು ನಿಂತು ಆರು ವರ್ಷದೊಳಗೆ ಶುರು ಮಾಡಿದವರ ಕತ್ತಿನ ರಕ್ತನಾಳ ದಪ್ಪವಾಗುವುದು ನಿಧಾನವಾಯಿತು, ಹತ್ತು ವರ್ಷ ದಾಟಿದವರಲ್ಲಿ ಆಗಲಿಲ್ಲ.

ಆದ್ದರಿಂದ ಈಗ ವೈದ್ಯರು ಹೇಳುವುದು ಇಷ್ಟು: ಮುಟ್ಟು ನಿಲ್ಲುವ ಸಹಜ ವಯಸ್ಸಿಗಿಂತ ಬಹಳ ಮೊದಲೇ ಅಂಡಾಶಯ ಹೋದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಆ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದನ್ನು ಯೋಚಿಸಬೇಕು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ ತೊಂದರೆ, ಲಿವರ್ ಕಾಯಿಲೆ ಇದ್ದವರಿಗೆ ಅದು ಆಗದು. ಅರವತ್ತು ದಾಟಿದ ಅಮ್ಮನಿಗೆ ಹೃದಯ ಕಾಪಾಡಲು ಎಂದು ಹೊಸದಾಗಿ ಶುರು ಮಾಡುವ ಮದ್ದು ಇದಲ್ಲ. ನಮ್ಮ ಅಕ್ಕನಿಗೆ ಮೂವತ್ತಾರರಲ್ಲಿ ಯಾರಾದರೂ ಈ ಮಾತು ಎತ್ತಿದ್ದರೆ ಪ್ರಯೋಜನ ಇತ್ತೇನೋ. ನಲವತ್ತೆಂಟರಲ್ಲಿ, ಸ್ಟೆಂಟ್ ಹಾಕಿದ ಮೇಲೆ, ಆ ಬಾಗಿಲು ಮುಚ್ಚಿದೆ.

ಸೋಯಾ ಮತ್ತು ಸ್ಟಾಟಿನ್

ಜಪಾನಿನ ಹೆಂಗಸರಿಗೆ ಹೃದ್ರೋಗ ಕಡಿಮೆ, ಅದು ಸೋಯಾದಿಂದ ಎಂದು ಹೇಳಿ ಕ್ಯಾಪ್ಸೂಲ್ ಮಾರುವವರಿದ್ದಾರೆ. ಸೋಯಾದಲ್ಲಿ ಈಸ್ಟ್ರೋಜೆನ್ ಹೋಲುವ ಒಂದು ವಸ್ತು ಇದೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಈಕ್ವೋಲ್ ಎಂಬ ಇನ್ನೂ ಬಲವಾದ ವಸ್ತುವಾಗಿ ಮಾಡುತ್ತವೆ. ಇಲಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈಕ್ವೋಲ್ ಮಾಡುತ್ತವೆ. ಜಪಾನಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾಡುತ್ತಾರೆ, ಪಾಶ್ಚಾತ್ಯರಲ್ಲಿ ಇನ್ನೂ ಕಡಿಮೆ. ಹಾಗಾಗಿ ಇಲಿಯಲ್ಲಿ ಕಂಡ ಸೋಯಾ ಗುಣ ನಮಗೂ ಅಷ್ಟೇ ಸಿಗುತ್ತದೆ ಎನ್ನುವಂತಿಲ್ಲ. ಒಟ್ಸುಕಾ ಕಂಪನಿ 2014ರಲ್ಲಿ ಈಕ್ವೋಲನ್ನೇ ಜಪಾನಿನಲ್ಲಿ ಮಾರಾಟಕ್ಕೆ ತಂದಿತು, ಆದರೆ ಆಹಾರ ಪೂರಕವಾಗಿ, ಮದ್ದಾಗಿ ಅಲ್ಲ. ಸೋಯಾ ಒಳ್ಳೆಯ ಬೇಳೆ, ತಿನ್ನಿ. ನಮ್ಮ ಹೆಸರು, ಹುರುಳಿ, ಕಡಲೆಯೂ ಒಳ್ಳೆಯವೇ. ಕ್ಯಾಪ್ಸೂಲ್ ಡಬ್ಬಿಗೆ ದುಡ್ಡು ಸುರಿಯಬೇಡಿ.

ಸ್ಟಾಟಿನ್ ಬಗ್ಗೆ ಜಪಾನಿನಲ್ಲೇ ಒಳ್ಳೆಯ ಪರೀಕ್ಷೆ ಆಯಿತು. ಕಾಂಪ್ಯಾಕ್ಟಿನ್ನಿನಿಂದಲೇ ಬಂದ ಪ್ರವಾಸ್ಟಾಟಿನ್ 1989ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂದಿತ್ತು. ಅದನ್ನು ಸಣ್ಣ ಪ್ರಮಾಣದಲ್ಲಿ, ದಿನಕ್ಕೆ 10ರಿಂದ 20 ಮಿಲಿಗ್ರಾಂ, ಕೊಟ್ಟು ಮಾಡಿದ ಮೆಗಾ ಎಂಬ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 7,832 ಜನ, ಅವರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟು ನಿಂತ ಹೆಂಗಸರು. ಐದು ವರ್ಷದಲ್ಲಿ ಹೃದಯದ ರಕ್ತನಾಳದ ಕಾಯಿಲೆ ಮೂರನೇ ಒಂದು ಭಾಗ ಕಡಿಮೆಯಾಯಿತು. ಹೆಂಗಸರನ್ನೇ ಬೇರೆ ಮಾಡಿ ನೋಡಿದಾಗ ಲಾಭ ಅದೇ ದಿಕ್ಕಿನಲ್ಲಿ ಇತ್ತು. ಆದರೆ ಕಾಯಿಲೆ ಬಂದವರ ಸಂಖ್ಯೆಯೇ ಕಡಿಮೆ ಇದ್ದುದರಿಂದ ಲೆಕ್ಕ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಅಂದರೆ ಮುಟ್ಟು ನಿಂತ ಪ್ರತಿಯೊಬ್ಬಳಿಗೂ ಸ್ಟಾಟಿನ್ ಬೇಕು ಎಂದಲ್ಲ. ಬಿಪಿ, ಶುಗರ್, ಮನೆತನ, ವಯಸ್ಸು ಎಲ್ಲ ನೋಡಿ ಡಾಕ್ಟರು ಹೇಳಿದರೆ ತೆಗೆದುಕೊಳ್ಳಬೇಕು. ಅಕ್ಕನ ಹಾಗೆ ಸ್ಟೆಂಟ್ ಹಾಕಿದವರು ಮಾತ್ರ ತಾವಾಗಿ ಎಂದೂ ನಿಲ್ಲಿಸಬಾರದು.

ಮುಂದಿನ ಸಲ ಊರಿನಿಂದ ಫೋನ್ ಬಂದಾಗ

ನಮ್ಮ ದೇಶದ ಸಮೀಕ್ಷೆಯಲ್ಲಿ, ಗರ್ಭಕೋಶ ತೆಗೆಸಿಕೊಂಡ 49ರ ಒಳಗಿನ ಹೆಂಗಸರ ಪೈಕಿ ಅರ್ಧದಷ್ಟು ಮಂದಿಗೆ ಆಪರೇಷನ್ ಆದಾಗ 34 ದಾಟಿರಲಿಲ್ಲ. ನಮ್ಮ ಕಲಬುರಗಿ ಕಡೆಯ ತಾಂಡಾಗಳಲ್ಲಿ ಬಡ ಹೆಂಗಸರಿಗೆ ಹೊಟ್ಟೆನೋವು, ಬಿಳಿಸೆರಗು ಎಂಬ ಕಾರಣಕ್ಕೂ ಗರ್ಭಕೋಶ ತೆಗೆದ ವಿಷಯ 2015ರ ಸುಮಾರಿಗೆ ಪತ್ರಿಕೆಗಳಲ್ಲಿ ಬಂತು, ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು.

ಗರ್ಭಕೋಶ ತೆಗೆಯುವುದು ಎಷ್ಟೋ ಸಲ ನಿಜವಾಗಿ ಬೇಕಾಗುತ್ತದೆ. ಕ್ಯಾನ್ಸರ್ ಇದ್ದರೆ, ಮದ್ದಿಗೆ ಬಗ್ಗದ ರಕ್ತಸ್ರಾವ ಇದ್ದರೆ ಅದು ಜೀವ ಉಳಿಸುತ್ತದೆ. ಹೆದರಿ ಮುಂದೂಡಬೇಡಿ. ಆದರೆ "ಹಣ ಎಷ್ಟು?" ಎಂದು ಕೇಳುವ ಮೊದಲು ಇಷ್ಟು ಕೇಳಿ.

ಒಂದು, ಯಾವ ಕಾರಣಕ್ಕೆ? ಸ್ಕ್ಯಾನಿಂಗ್ ರಿಪೋರ್ಟ್ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ.

ಎರಡು, ಮಾತ್ರೆಯಿಂದಲೋ, ಗರ್ಭಕೋಶದ ಒಳಗೆ ಇಡುವ ಹಾರ್ಮೋನ್ ಸಾಧನದಿಂದಲೋ ಮೊದಲು ಪ್ರಯತ್ನ ಮಾಡಿದ್ದಾರಾ? ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ, ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ, ತೋರಿಸಿದ್ದೀರಾ?

ಮೂರು, ಅಂಡಾಶಯ ಉಳಿಸುತ್ತಾರಾ? ತೆಗೆಯುವುದಾದರೆ ಏಕೆ? "ಹೇಗೂ ಹೊಟ್ಟೆ ಕೊಯ್ದಿದ್ದೇವೆ, ಅದನ್ನೂ ತೆಗೆದುಬಿಡೋಣ" ಎನ್ನುವುದು ಸಾಕಾದ ಕಾರಣವಲ್ಲ. ಅಂಡಾಶಯ ಉಳಿಸಿದರೂ ಗರ್ಭಕೋಶ ತೆಗೆದವರಲ್ಲಿ ಅದು ಕೆಲವೊಮ್ಮೆ ಬೇಗ ಬತ್ತುತ್ತದೆ ಎಂಬುದೂ ನೆನಪಿರಲಿ.

ನಾಲ್ಕು, ತೆಗೆದರೆ ಮುಂದೆ ಹಾರ್ಮೋನ್, ಮೂಳೆ, ಹೃದಯದ ಬಗ್ಗೆ ಏನು ಮಾಡಬೇಕೆಂದು ಹೇಳಿದ್ದಾರಾ?

ಈಗಾಗಲೇ ಆಪರೇಷನ್ ಆಗಿದ್ದರೆ ಇವತ್ತೇ ಡಿಸ್ಚಾರ್ಜ್ ಕಾರ್ಡಿನ ಫೋಟೋ ತರಿಸಿ. "ಬಿಎಸ್‌ಓ" ಎಂಬ ಮೂರಕ್ಷರ ಇದೆಯಾ ನೋಡಿ. ಇದ್ದರೆ, ಆ ಸಮಯದಲ್ಲಿ ಅವರ ವಯಸ್ಸು 45ಕ್ಕಿಂತ ಕಡಿಮೆ ಇದ್ದರೆ, ಕಾರ್ಡ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಲು ಹೇಳಿ. ವರ್ಷಕ್ಕೊಮ್ಮೆ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಲಿ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಲಿ. ದಿನಕ್ಕೆ ಅರ್ಧ ಗಂಟೆ ಕೈ ಬೀಸಿ ನಡೆಯಲಿ. ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಎದೆನೋವಾಗಿ ಬರದೆ ಉಸಿರು ಕಟ್ಟುವುದು, ವಿಪರೀತ ಸುಸ್ತು, ಬೆನ್ನು ದವಡೆ ನೋವು, ಹೊಟ್ಟೆ ತೊಳೆಸುವುದು ಹೀಗೆ ಬರುತ್ತದೆ. ಅಕ್ಕನಿಗೂ ಹಾಗೇ ಆಗಿತ್ತು. ಗ್ಯಾಸ್ ಎಂದು ಎರಡು ದಿನ ಜೀರಿಗೆ ಕಷಾಯ ಕುಡಿದಳು. ನೀವು ಹಾಗೆ ಮಾಡಬೇಡಿ. ಇಲ್ಲಿ ಮನೆಗೆಲಸ, ನರ್ಸಿಂಗ್, ಸಲೂನ್ ಕೆಲಸ ಮಾಡುವ ಅಕ್ಕತಂಗಿಯರಿಗೂ ಇದೇ ಮಾತು. ಊರಿಗೆ ಹೋಗುವವರ ಬ್ಯಾಗಿನಲ್ಲಿ ಹಾರ್ಮೋನ್ ಮಾತ್ರೆ ಮಾತ್ರ ಕಳಿಸಬೇಡಿ.

ಜಪಾನಿನ ಪ್ರಯೋಗಾಲಯಗಳಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ವಿಜ್ಞಾನಿಗಳೂ ಕೆಲಸದವರೂ ಸೇರಿ, ಪ್ರಯೋಗಕ್ಕೆ ಪ್ರಾಣ ಕೊಟ್ಟ ಪ್ರಾಣಿಗಳ ಹೆಸರಿನಲ್ಲಿ ಹೂವಿಟ್ಟು ತಲೆಬಾಗುತ್ತಾರೆ. ಓದಿ ಕಣ್ಣು ಒದ್ದೆಯಾಯಿತು. ಆ ಇಲಿಗಳಿಗೆ ಅಂಡಾಶಯ ತೆಗೆದಾಗ ಯಾವುದನ್ನು, ಏಕೆ, ಯಾವ ದಿನ ತೆಗೆದದ್ದು ಎಂದು ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಪ್ರತಿ ವಾರ ತೂಕ, ಬಿಪಿ, ಶುಗರ್ ಅಳೆದು ನೋಡುತ್ತಾರೆ. ನನ್ನ ಅಕ್ಕನಿಗೆ ಆಪರೇಷನ್ ಆದ ಮೇಲೆ ಹತ್ತು ವರ್ಷ ಯಾರೂ ಒಮ್ಮೆಯೂ ಬಿಪಿ ನೋಡಲಿಲ್ಲ. ನಾನೂ ಕೇಳಲಿಲ್ಲ.

ಈಗ ಪ್ರತಿ ಶುಕ್ರವಾರ ಫೋನ್ ಮಾಡುತ್ತೇನೆ. ಮೊದಲು ಬಿಪಿ ಎಷ್ಟು ಹೇಳು, ಆಮೇಲೆ ಊರಿನ ಸುದ್ದಿ ಎನ್ನುತ್ತೇನೆ. "ನೀನು ತಮ್ಮನೋ, ಇನ್ಸ್‌ಪೆಕ್ಟರೋ?" ಎಂದು ನಗುತ್ತಾಳೆ. ಕಳೆದ ವಾರ 128ಕ್ಕೆ 80 ಇತ್ತು. ನೀವೂ ಈ ಶುಕ್ರವಾರ ಮನೆಗೆ ಫೋನ್ ಮಾಡಿದಾಗ ಒಮ್ಮೆ ಕೇಳಿ. ಮುಂದಿನ ವರ್ಷ ಇದೇ ಪುಟದಲ್ಲಿ ಸಿಗೋಣ. ಎಲ್ಲರ ಮನೆಯಲ್ಲೂ ಆರೋಗ್ಯ ಇರಲಿ.